ಇಪ್ಪತ್ತು ಪದರಗಳ ಕೆಳಗೆ

ಗೋಡೆಗೆ ಕಿವಿ ಹಚ್ಚಿ ನಿಂತಿದ್ದ ಮಂಜೂರನನ್ನು ಅವನ ಹೆಂಡತಿ ತಾಹೆರಾ ನೋಡಿಬಿಟ್ಟಳು. ಬಾಯಲ್ಲಿ ಬ್ರಷ್ಷು, ಹೆಗಲ ಮೇಲೆ ಟವೆಲ್ಲು, ಗಲ್ಲದ ಮೇಲೆ ಪೇಸ್ಟಿನ ನೊರೆ. ನಲವತ್ತೆರಡು ವರ್ಷದ, ಪ್ರಯೋಗಾಲಯವೊಂದರಲ್ಲಿ ಸೀನಿಯರ್ ಟೆಕ್ನಿಷಿಯನ್ ಅನ್ನಿಸಿಕೊಂಡ ಮನುಷ್ಯ ಬೆಳಗಿನ ಏಳು ಗಂಟೆಗೆ ಹೀಗೆ ನಿಂತಿದ್ದರೆ ಯಾವ ಹೆಂಡತಿ ತಾನೇ ಸುಮ್ಮನಿರುತ್ತಾಳೆ. "ಕ್ಯಾ ಜೀ, ದೀವಾರ್ ಕು ಕಾನ್ ಲಗಾಕೊ ಖಡೇ?" ಎಂದು ನಕ್ಕಳು. ಪಕ್ಕದ ಮನೆಯ ಜಗಳ ಕೇಳುವ ಚಪಲ ಯಾವಾಗಿನಿಂದ ಎಂದು ಕೆಣಕಿದಳು. ಇಲಿ ಇರಬೇಕು ಅಂದ. ಇಲಿಯಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಣಗಿದ ಎಲೆಯನ್ನು ಉಗುರಿನ ತುದಿಯಿಂದ ಚಿಮ್ಮಿದ ಹಾಗೆ ಟಿಕ್ ಎಂದು ಒಂದು ಸದ್ದು; ಆಮೇಲೆ ಎಷ್ಟು ಹೊತ್ತು ಕಾದರೂ ಏನೂ ಇಲ್ಲ; ಕಾಯುವುದನ್ನು ಬಿಟ್ಟ ಕೂಡಲೇ ಇನ್ನೊಂದು. ಅವಳು ಅಡುಗೆಮನೆಗೆ ಹೋದ ಮೇಲೆ ಸುಣ್ಣ ಉಬ್ಬಿದ್ದ ಕಡೆ ಬೆರಳಿಟ್ಟು ಒತ್ತಿದ. ಅಂಗೈಯಗಲ ಚಕ್ಕೆ ಉದುರಿತು. ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಬಿಳಿ. ಆರ್.ಟಿ. ನಗರದ ಈ ಬಾಡಿಗೆ ಮನೆಯಲ್ಲಿ ತನಗಿಂತ ಮುಂಚೆ ಇದ್ದವರೆಲ್ಲ ಒಬ್ಬರ ಮೇಲೊಬ್ಬರು ಒರಗಿಕೊಂಡು ಇಷ್ಟು ದಿನ ಉಸಿರು ಬಿಗಿಹಿಡಿದು ನಿಂತಿದ್ದಾರೆ ಅನ್ನಿಸಿ ಅವನಿಗೆ ಹೆದರಿಕೆಯಾಯಿತು. ಚಕ್ಕೆಯನ್ನು ಯಾರಿಗೂ ಕಾಣದಂತೆ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಬೂಟು ಹಾಕಿಕೊಳ್ಳುವಾಗ ಎಡಗಾಲಿನ ಹಳೆಯ ಗಾಯದ ಗುರುತನ್ನು ಅಭ್ಯಾಸಬಲದಿಂದ ಒಮ್ಮೆ ಸವರಿ ನೋಡಿ, ಬಸ್ಸಿಗೆ ಹೊರಟ.

ಆ ಸದ್ದನ್ನು ಅವನು ಮೊದಲು ಕೇಳಿದ್ದು ಸೋಮವಾರ. ಯಶವಂತಪುರದ ಆಚೆಯ ಅವನ ಪ್ರಯೋಗಾಲಯದಲ್ಲಿ, ಮಾದರಿಗಳಿಗೆ ತೇವ ತಾಕದಿರಲೆಂದು ಇಟ್ಟಿದ್ದ ದಪ್ಪ ಗಾಜಿನ ಪಾತ್ರೆಯೊಳಗಿಂದ. ಅಷ್ಟು ದಪ್ಪ ಮುಚ್ಚಳದ ಆಚೆಗೆ ಗುಂಡು ಹಾರಿದರೂ ಕೇಳಿಸಬಾರದು, ಅವನಿಗೆ ಕೇಳಿಸಿತು. ಪಾತ್ರೆಯಲ್ಲಿದ್ದದ್ದು ಮೂವತ್ತೊಂದನೆಯ ನಂಬರಿನ ಗಾಜುಪಟ್ಟಿ, ಅದರ ಮೇಲೆ ಇಪ್ಪತ್ತು ಪದರ: ತಾಮ್ರ, ನಿಕ್ಕಲ್, ತಾಮ್ರ, ನಿಕ್ಕಲ್. ಗಾಳಿಯನ್ನೆಲ್ಲ ಹೀರಿ ತೆಗೆದ ಜಾಡಿಯೊಳಗೆ ಲೋಹವನ್ನು ಕಾಯಿಸಿ ಆವಿ ಮಾಡಿ, ಆ ಆವಿ ಗಾಜಿನ ಮೇಲೆ ಕೂರುವಂತೆ ಮಾಡುವುದು ಹದಿನಾರು ವರ್ಷದಿಂದ ಅವನ ಕೈಕಸುಬು. ಇಪ್ಪತ್ತನ್ನೂ ಸೇರಿಸಿದರೆ ಕೂದಲೆಳೆಯ ನೂರರಲ್ಲಿ ಒಂದು ಪಾಲಿನಷ್ಟು ದಪ್ಪವೂ ಇಲ್ಲ. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಒತ್ತುವ ನೂಕುನುಗ್ಗಲಲ್ಲಿ ಕಂಬಿ ಹಿಡಿದು ನಿಂತಾಗ, ತನ್ನ ಮೇಲಧಿಕಾರಿ ಡಾಕ್ಟರ್ ವೆಂಕಟರಾಮಯ್ಯನವರು ಹಿಂದೊಮ್ಮೆ ಕರಿಹಲಗೆಯ ಮೇಲೆ ಚುಕ್ಕಿಗಳನ್ನಿಟ್ಟು ಹೇಳಿಕೊಟ್ಟದ್ದು ನೆನಪಾಯಿತು. ತಾಮ್ರದ ಪರಮಾಣುಗಳು ಒಂದು ಅಂತರದಲ್ಲಿ ಸಾಲುಹಿಡಿದು ಕೂತಿರುತ್ತವೆ. ನಿಕ್ಕಲ್ಲಿನವು ಅದಕ್ಕಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಒತ್ತೊತ್ತಾಗಿ. ತಾಮ್ರದ ಮೇಲೆ ನಿಕ್ಕಲ್ಲಿನ ತೆಳ್ಳನೆ ಪದರ ಬಿದ್ದರೆ ಅದು ತನ್ನ ಅಂತರವನ್ನು ಬಿಟ್ಟುಕೊಟ್ಟು, ಕೆಳಗಿನವರ ಅಂತರಕ್ಕೆ ಮೈ ಎಳೆದುಕೊಂಡು ಕೂರುತ್ತದೆ. ಮೇಲಿಂದ ನೋಡಿದರೆ ಕನ್ನಡಿಯಂಥ ನುಣುಪು, ಮುಖ ನೋಡಿಕೊಳ್ಳಬಹುದು. ಎಳೆತವೆಲ್ಲ ಒಳಗೆ. ದಪ್ಪ ಏರಿದಷ್ಟೂ ಆ ಎಳೆತ ಕೂಡುತ್ತಾ ಹೋಗಿ, ಒಂದು ಹಂತ ದಾಟಿದರೆ ಎಲ್ಲಾದರೂ ಒಂದು ಕಡೆ ಬಿಡಿಸಿಕೊಳ್ಳಲೇಬೇಕು. "ಅದು ಯಾವ ಕಡೆ ಬಿಡಿಸಿಕೊಳ್ಳುತ್ತೆ ಸರ್?" ಎಂದು ಕೇಳಿದ್ದ. "ಎಲ್ಲಿ ಹಿಡಿತ ಕಡಿಮೆಯೋ ಅಲ್ಲಿ ಕಣ್ರೀ," ಎಂದಿದ್ದರು ಅವರು. ಮನೆಯಲ್ಲಿ ಒಂದು ಮಾತು, ಪ್ರಯೋಗಾಲಯದಲ್ಲಿ ಇನ್ನೊಂದು ಮಾತು, ವೆಂಕಟರಾಮಯ್ಯನವರ ಮುಂದೆ ಅವರದೇ ಧಾಟಿಯ ಅಚ್ಚುಕಟ್ಟು ಕನ್ನಡ. ಹೀಗೆ ಮೈ ಎಳೆದುಕೊಂಡು ಕೂರುವುದು ಏನೆಂದು ಮಂಜೂರನಿಗೆ ಯಾರೂ ಕರಿಹಲಗೆಯ ಮೇಲೆ ತೋರಿಸಬೇಕಾಗಿರಲಿಲ್ಲ.

ಸೋಮವಾರ ಮುಚ್ಚಳ ತೆಗೆದಾಗ ಮೂವತ್ತೊಂದರ ಒಂದು ಮೂಲೆಯಲ್ಲಿ ಕಡಲೆಯಷ್ಟಗಲ ಸುಕ್ಕು ಎದ್ದಿತ್ತು. ಇನ್ನು ಎರಡು ವಾರದಲ್ಲಿ ದಿಲ್ಲಿಗೆ ಹೋಗಬೇಕಾಗಿದ್ದ ಮಾದರಿ. ವೆಂಕಟರಾಮಯ್ಯನವರ ಮುಖ ಇಳಿದುಹೋಯಿತು. "ಎಳೆತ ಇರಬಹುದೇನೋ ಸರ್, ಇಪ್ಪತ್ತಕ್ಕೇ ಹೆಚ್ಚಾಗಿರಬಹುದು," ಎಂದು ಮಂಜೂರ್ ಹೇಳಿನೋಡಿದ. "ನನ್ನ ಲೆಕ್ಕದಲ್ಲಿ ನಲವತ್ತು ಪದರದವರೆಗೂ ಅಲ್ಲಾಡಬಾರದು ರೀ. ಇದು ಎಳೆತ ಅಲ್ಲ, ಕೊಳೆ. ಗಾಜು ತೊಳೆದೋರು ಯಾರು?" ಎಂದರು. "ಬ್ಯಾಟರಾಯಪ್ಪ ಸರ್," ಅಂದ. ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಅಲ್ಲಿಯ ಗಾಜುಗಳನ್ನೆಲ್ಲ ಆಸಿಡ್ಡಿನಲ್ಲಿ ತೊಳೆಯುತ್ತಿದ್ದವನು ಅಮೃತಹಳ್ಳಿಯ ಬ್ಯಾಟರಾಯಪ್ಪನೇ. ಅವನ ಹೊಲ ಬಡಾವಣೆಗೆ ಹೋಗಿ, ಈಗ ಅದರ ಮೇಲೆ ಯಾರದೋ ಮನೆಯ ಕಾಂಪೌಂಡು ಎದ್ದಿದೆ. ಈ ಬೇಸಿಗೆಯಲ್ಲಿ ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಅದರ ಬದಲು ಬುಧವಾರ ಬೇರೊಂದು ಕಾಗದ ಟೈಪಾಯಿತು. ಕೆಲಸದಲ್ಲಿ ಅಜಾಗರೂಕತೆ, ಶುಕ್ರವಾರದಿಂದ ಬಿಡುಗಡೆ. ಇವತ್ತು ಶುಕ್ರವಾರ, ಅವನು ಅದಕ್ಕೆ ಹೆಬ್ಬೆಟ್ಟು ಒತ್ತಬೇಕು.

ಒಳಗೆ ಕಾಲಿಟ್ಟಾಗ ಬ್ಯಾಟರಾಯಪ್ಪ ಎಂದಿನ ಹಾಗೆ ಕರೆಂಟಿನ ಕಾಯಿಲ್ ಒಲೆಯ ಮೇಲೆ ಚಹಾ ಕಾಯಿಸುತ್ತಿದ್ದ. ಒಂದೇ ಅಂಗಡಿಯಲ್ಲಿ ತಂದ ಒಂದೇ ಥರದ ಎಂಟು ಸ್ಟೀಲ್ ಲೋಟಗಳು ತಟ್ಟೆಯ ಮೇಲೆ ಸಾಲಾಗಿದ್ದವು. "ಬನ್ನಿ ಸಾಬ್ರೇ, ಇವತ್ತು ಬಸ್ಸು ಬೇಗ ಸಿಕ್ತಾ?" ಎಂದು ಒಂದು ಲೋಟವನ್ನು ಆರಿಸಿ ಕೊಟ್ಟ. ಮಂಜೂರ್ ಅದರ ತಳ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಬೆರಳಿಗೇ ತಿಳಿಯುತ್ತಿತ್ತು, ಅಲ್ಲಿ ಸಿಲಿಂಡರುಗಳಿಗೆ ಬಳಿಯುವ ಕೆಂಪು ಬಣ್ಣದ ಒಂದು ಚುಕ್ಕಿ ಗಟ್ಟಿಯಾಗಿ ಕೂತಿದೆ. ಐವತ್ತೇಳೋ ಐವತ್ತೆಂಟೋ ಆಗಿರುವ ಈ ಮನುಷ್ಯನನ್ನು ತಾನು ಏಕವಚನದಲ್ಲೇ ಮಾತಾಡಿಸುತ್ತ ಬಂದಿದ್ದೇನೆ ಎಂಬುದು ಈ ಹೊತ್ತಿನಲ್ಲಿ ಯಾಕೆ ನೆನಪಾಗಬೇಕೋ. "ಏನಪ್ಪಾ, ಕಾಗದ ಬಂತಂತೆ," ಎಂದ. "ಬಂತು ಸಾಬ್ರೇ. ನಾನು ಸರ್ಯಾಗೇ ತೊಳ್ದಿದ್ದೆ. ಅದ್ಯಾಕೆ ಇಂಗಾಯ್ತೋ ಆ ದ್ಯಾವ್ರಿಗೇ ಗೊತ್ತು," ಎಂದು ಬ್ಯಾಟರಾಯಪ್ಪ ಸೌಟಿನಿಂದ ಸಕ್ಕರೆಯ ಡಬ್ಬಿಯ ಮುಚ್ಚಳ ಮೀಟಿ ತೆಗೆದ. ಮಂಜೂರ್ ಚಹಾ ಕುಡಿದ. ಕಹಿಯಾಗಿತ್ತು, ಎಂದಿನಂತೆ.

ಚಿಕ್ಕಂದಿನಲ್ಲಿ, ಯಲಹಂಕದಲ್ಲಿ, ಮಂಜೂರನ ಗೆಳೆಯನ ತಾಯಿ ಕೃಷ್ಣಮ್ಮನೂ ಎಷ್ಟು ಪ್ರೀತಿಯಿಂದ ಕೊಡುತ್ತಿದ್ದರು. ಬಿಸಿಲಲ್ಲಿ ಓಡಿ ಬಂದಿದ್ದೀಯಲ್ಲೋ ಮಗಾ ಎಂದು ಮಜ್ಜಿಗೆಗೆ ಇಂಗು ಹಾಕಿ, ಕಾಂಪೌಂಡಿನ ಗೋಡೆಯ ಮೇಲೆ ಬೋರಲಾಗಿರುತ್ತಿದ್ದ ಅಲ್ಯೂಮಿನಿಯಂ ಲೋಟವನ್ನು ತೊಳೆದು, ಅದಕ್ಕೆ ಮೇಲಿನಿಂದ ಹೊಯ್ಯುತ್ತಿದ್ದರು. ಹನ್ನೊಂದನೆಯ ವಯಸ್ಸಿನವರೆಗೂ ಅವನಿಗೆ ಅದರಲ್ಲಿ ಏನೂ ಕಂಡಿರಲಿಲ್ಲ. ಒಂದು ದಿನ ಮಳೆ ನಿಂತ ಮೇಲೆ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಗೋಡೆಯ ಮೇಲೆ ಆ ಲೋಟ ಮಾತ್ರ ನೆನೆದು ಕೂತಿತ್ತು. ತಾನು ಬಾರದ ದಿನಗಳಲ್ಲೂ ಅದು ಅಲ್ಲೇ ಇರುತ್ತದೆ, ಒಳಗಿನ ಲೋಟಗಳ ಜೊತೆ ಸೇರುವುದಿಲ್ಲ ಎಂದು ಆವತ್ತು ತಿಳಿಯಿತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮಜ್ಜಿಗೆ ಕುಡಿಯುವುದನ್ನೂ ಬಿಡಲಿಲ್ಲ, ಅದೇ ಅವಮಾನ. ಮೂವತ್ತೊಂದು ವರ್ಷವಾದ ಮೇಲೆ, ಹೋದ ತಿಂಗಳು, ಮಾರ್ಚಿನ ಒಂದು ಮಧ್ಯಾಹ್ನ, ಚಹಾ ಮುಗಿಸಿ ಲೋಟವನ್ನು ಬೋರಲು ಹಾಕುವಾಗ ಕೆಂಪು ಚುಕ್ಕಿ ಕಣ್ಣಿಗೆ ಬಿತ್ತು. ಉಳಿದ ಏಳನ್ನೂ ಒಂದೊಂದಾಗಿ ತಿರುವಿ ನೋಡಿದ, ಕಳ್ಳನ ಹಾಗೆ, ಬಾಗಿಲ ಕಡೆ ಒಂದು ಕಣ್ಣಿಟ್ಟು. ಒಂದರಲ್ಲೂ ಇರಲಿಲ್ಲ. ಚುಕ್ಕಿಯ ಅಂಚು ಸವೆದಿತ್ತು. ಅಂದರೆ ಹೊಸದಲ್ಲ, ವರ್ಷಗಳಾಗಿವೆ. ಲೋಟ ತೊಳೆಯುವವನೂ ಬ್ಯಾಟರಾಯಪ್ಪನೇ, ಬಣ್ಣದ ಡಬ್ಬಿ ಇರುವುದೂ ಅವನ ಕಪಾಟಿನಲ್ಲೇ.

ಆ ಮಧ್ಯಾಹ್ನವೇ ಮಂಜೂರ್ ಮೂವತ್ತೊಂದನೆಯ ಗಾಜನ್ನು ಜಾಡಿಗೆ ಏರಿಸಿದ್ದು. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಮುಟ್ಟಿದರೂ ಅಂಚನ್ನು ಮಾತ್ರ. ಹೊಸಬರಿಗೆ ಇದನ್ನು ಕಲಿಸಿ ಕಲಿಸಿ ಅವನ ನಾಲಿಗೆ ಸವೆದಿದೆ. ಕೈಗವಸು ಮೇಜಿನ ಮೇಲೇ ಇತ್ತು. ಹಾಕಿಕೊಳ್ಳಲಿಲ್ಲ. ಗಾಜು ಜಾರಿತು, ಹಿಡಿದುಕೊಂಡ, ಬಲಗೈ ಹೆಬ್ಬೆರಳು ಗಾಜಿನ ಮುಖದ ಮೇಲೆ ಒತ್ತಿತು. ಜಾರಿತೇ? ಈ ಒಂದು ತಿಂಗಳಲ್ಲಿ ಆ ಗಳಿಗೆಯನ್ನು ಅವನು ಎಷ್ಟು ಸಲ ತಿರುವಿ ನೋಡಿದ್ದಾನೋ ಲೆಕ್ಕವಿಲ್ಲ. ಒಂದು ಸಲ ಗಾಜು ಜಾರುತ್ತದೆ, ಇನ್ನೊಂದು ಸಲ ಜಾರುವುದಿಲ್ಲ, ಬೆರಳು ತಾನಾಗಿಯೇ ಹೋಗಿ ಒತ್ತುತ್ತದೆ. ಅದೂ ಹೋಗಲಿ. ಗಾಜು ಶುದ್ಧವಾಗಿದೆಯೇ ಎಂದು ನೋಡಲು ಅವರ ಕಸುಬಿನಲ್ಲಿ ಒಂದು ರೂಢಿಯಿದೆ: ಗಾಜನ್ನು ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಡಬೇಕು. ಉಸಿರಿನ ಮಂಜು ಒಂದೇ ಸಮನೆ ಕೂತು ಒಂದೇ ಸಮನೆ ಹೋದರೆ ಗಾಜು ಶುದ್ಧ. ಎಲ್ಲಾದರೂ ಕಲೆ ಕಂಡರೆ ಮತ್ತೆ ತೊಳೆಯಲು ಕೊಡಬೇಕು. ಅವನು ಉಸಿರು ಬಿಟ್ಟ. ಬಿಳಿಯ ಮಂಜಿನ ನಡುವೆ ಒಂದು ಹೆಬ್ಬೆಟ್ಟು ಸುಳಿಸುಳಿಯಾಗಿ ಮೂಡಿತು, ಅದರ ನಡುವೆ ಓರೆಯಾಗಿ ಒಂದು ಗೀರು. ಗಾಜು ಕತ್ತರಿಸುವಾಗ ಆದ ಹಳೆಯ ಗಾಯದ ಗೀರು, ಅವನದೇ. ಮಂಜು ಆರಿತು. ಏನೂ ಇರಲಿಲ್ಲ, ಥಳಥಳ ಗಾಜು. ಒಂದೇ ಒಂದು ಉಸಿರಿನಷ್ಟು ಹೊತ್ತು ಅದನ್ನು ನೋಡಿದವನು ಅವನೊಬ್ಬನೇ. ಗಾಜನ್ನು ಜಾಡಿಯೊಳಗಿಟ್ಟು ಪಂಪು ಹಾಕಿದ. ತಾಮ್ರ, ನಿಕ್ಕಲ್, ತಾಮ್ರ, ನಿಕ್ಕಲ್. ಸಂಜೆಯ ಹೊತ್ತಿಗೆ ಇಪ್ಪತ್ತು ಪದರ ಅದರ ಮೇಲೆ ಬಿದ್ದಿತ್ತು. ಇನ್ನು ಯಾರು ತಾನೇ ನೋಡುತ್ತಾರೆ ಅಂದುಕೊಂಡ.

ಖಾಲಿ ಲೋಟ ಇಟ್ಟು ಗಾಜಿನ ಪಾತ್ರೆಯ ಹತ್ತಿರ ಹೋದ. ಹೋಗಬಾರದೆಂದುಕೊಂಡೇ ಹೋದ. ಮುಚ್ಚಳದ ಮೇಲೆ ತನ್ನ ಮುಖ ಬಾಗಿ ಕಂಡಿತು, ಅದರ ಕೆಳಗೆ ಮೂವತ್ತೊಂದು. ಸೋಮವಾರ ಕಡಲೆಯಷ್ಟಿದ್ದ ಸುಕ್ಕು ಈಗ ಬೆಳೆದು ಒಂದು ಆಕಾರಕ್ಕೆ ಬಂದಿತ್ತು. ಗೆರೆ ಗೆರೆಯಾಗಿ, ಸುತ್ತು ಸುತ್ತಾಗಿ ಲೋಹ ಮೇಲೆದ್ದಿತ್ತು. ಬೆರಳಿನ ಎಣ್ಣೆ ತಾಕಿದ ಕಡೆಯಲ್ಲೆಲ್ಲ ಹಿಡಿತ ತಪ್ಪಿ, ಒಳಗಿನ ಎಳೆತಕ್ಕೆ ದಾರಿ ಸಿಕ್ಕಿತ್ತು. ಎಳೆತ ಮೊದಲಿನಿಂದಲೂ ಇತ್ತು, ಉಳಿದ ಗಾಜುಗಳಲ್ಲೂ ಇದೆ, ಇವತ್ತಲ್ಲ ನಾಳೆ ಅವೂ ಏಳುತ್ತವೆ. ಬೆರಳು ಜಾಗ ತೋರಿಸಿತು, ಅಷ್ಟೇ. ಇದನ್ನು ತನಗೆ ತಾನೇ ಎರಡು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ. ಯಾಕೆಂದರೆ ಗೆರೆಗಳ ನಡುವೆ ಓರೆಯಾಗಿ ಆ ಗೀರು ಎದ್ದು ಬರುತ್ತಿತ್ತು. ಅರ್ಧ ಬಂದಿತ್ತು, ಇನ್ನರ್ಧ ಬರುವುದಿತ್ತು. ಇಪ್ಪತ್ತು ಪದರಗಳ ಕೆಳಗೆ ಹೂತಿಟ್ಟ ತನ್ನ ಬೆರಳು ಗಾಜಿನ ಆಚೆಯಿಂದ ತನ್ನ ಕಡೆಗೆ ಒತ್ತುತ್ತಿದೆ ಎಂದು ಒಂದು ಕ್ಷಣ ಅನ್ನಿಸಿ, ಬಲಗೈಯನ್ನು ಜೇಬಿಗೆ ತುರುಕಿದ. ಟಿಕ್ ಅಂದಿತು. ತಿರುಗಿ ನೋಡಿದ. ಬ್ಯಾಟರಾಯಪ್ಪ ಒಲೆ ಒರೆಸುತ್ತಿದ್ದ, ಅವನಿಗೆ ಕೇಳಿಸಿದ ಹಾಗಿರಲಿಲ್ಲ.

ಹನ್ನೊಂದು ಗಂಟೆಗೆ ವೆಂಕಟರಾಮಯ್ಯನವರು ಇಬ್ಬರನ್ನೂ ಕೋಣೆಗೆ ಕರೆಸಿದರು. ಕೆಟ್ಟವರೇನಲ್ಲ ಅವರು, ನಾಲ್ಕು ವರ್ಷದ ಹಿಂದೆ ಮಂಜೂರನ ಕಾಲಿನ ಗಾಯ ಮೂರು ತಿಂಗಳು ಮಾಯದೆ ಇದ್ದಾಗ ತಮ್ಮ ಪರಿಚಯದ ಡಾಕ್ಟರ ಹತ್ತಿರ ತಾವೇ ಕಳಿಸಿದ್ದರು, ಸಕ್ಕರೆ ಕಾಯಿಲೆ ಪತ್ತೆಯಾದದ್ದು ಅಲ್ಲಿಯೇ. ಮೇಜಿನ ಮೇಲೆ ಟೈಪಾದ ಕಾಗದ, ಇಂಕಿನ ಪ್ಯಾಡು. ಪಕ್ಕದಲ್ಲಿ ಮೂವತ್ತೊಂದನೆಯ ಗಾಜು. ಪಾತ್ರೆಯಿಂದ ಯಾವಾಗ ತರಿಸಿಕೊಂಡರೋ. ಭೂತಗನ್ನಡಿ ಹಿಡಿದು ಬಗ್ಗಿದ್ದವರು ತಲೆ ಎತ್ತಿದರು.

"ಬನ್ರೀ ಮಂಜೂರ್, ಇಲ್ಲಿ ನೋಡಿ. ಎಳೆತ ಎಳೆತ ಅಂತಿದ್ರಲ್ಲ, ಇದೇನು? ಹೆಬ್ಬೆಟ್ಟು ಕಣ್ರೀ! ಚಿತ್ರ ಬರೆದ ಹಾಗೆ ಎದ್ದಿದೆ."

ಮಂಜೂರ್ ಭೂತಗನ್ನಡಿ ತೆಗೆದುಕೊಳ್ಳಲಿಲ್ಲ. "ಯಾರದ್ದು ಸರ್?" ಎಂದ.

"ಯಾರದ್ದು ಅಂತ ಬೇರೆ ಕೇಳ್ಬೇಕಾ? ನಮ್ಮಲ್ಲಿ ಹೆಬ್ಬೆಟ್ಟು ಒತ್ತೋರು ಒಬ್ಬರೇ ತಾನೇ," ಎಂದು ವೆಂಕಟರಾಮಯ್ಯನವರು ನಗುವಿಲ್ಲದೆ ಹೇಳಿದರು. ಬ್ಯಾಟರಾಯಪ್ಪನ ಕಡೆ ತಿರುಗಿ, "ನನಗೂ ಬೇಜಾರೇ ಕಣಪ್ಪ. ಆದರೆ ತೊಳೆದ ಗಾಜನ್ನ ಹಿಂಗೆ ಹಿಡೀತಾರಾ?" ಎಂದರು.

"ನಾನು ಇಕ್ಕಳದಾಗೇ ಇಡೀತೀನಿ ಸ್ವಾಮಿ. ಅನ್ನೊಂದು ವರ್ಸದಿಂದ ಅಂಗೇ ಇಡ್ದಿರೋದು," ಎಂದ ಬ್ಯಾಟರಾಯಪ್ಪ. ಎಡಗೈ ಮುಂದೆ ಚಾಚಿದ.

ಪ್ರತಿ ತಿಂಗಳೂ ಸಂಬಳದ ದಿನ ಅವನ ಹೆಬ್ಬೆರಳನ್ನು ಹಿಡಿದು ಒತ್ತಿಸುವುದು, ಪಕ್ಕದಲ್ಲಿ 'ಬ್ಯಾಟರಾಯಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು' ಎಂದು ಬರೆದು ಸಾಕ್ಷಿಯಾಗಿ ಸಹಿ ಮಾಡುವುದು, ಎರಡೂ ಮಂಜೂರನ ಪಾಲಿನ ಕೆಲಸವೇ ಆಗಿದ್ದವು. ಈಗಲೂ ಕೈ ತಾನಾಗಿಯೇ ಮುಂದೆ ಹೋಗಿ ಆ ಬೆರಳನ್ನು ಹಿಡಿಯಿತು. ನುಣ್ಣಗಿತ್ತು, ಬಳಸಿ ಸವೆದ ಸಾಬೂನಿನ ಚೂರಿನಷ್ಟು ನುಣ್ಣಗೆ. ಪ್ಯಾಡಿಗೆ ಒತ್ತಿ ಕಾಗದಕ್ಕೆ ಒತ್ತಿದ. ಎತ್ತಿದಾಗ ಕಾಗದದ ಮೇಲೆ ಒಂದು ನೀಲಿ ಮಚ್ಚೆ ಇತ್ತು, ಅದರಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ಹನ್ನೊಂದು ವರ್ಷದ ಆಸಿಡ್ಡು ಆ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಲೆಕ್ಕದ ಗುಮಾಸ್ತರು ಪ್ರತಿ ತಿಂಗಳೂ ಗೊಣಗುತ್ತಿದ್ದರು, ಇದೇನು ಹೆಬ್ಬೆಟ್ಟೋ ಶಾಯಿ ಚೆಲ್ಲಿದ್ದೋ ಎಂದು. ಒಂದು ಗೇಣು ದೂರದಲ್ಲಿ, ಅದೇ ಮೇಜಿನ ಮೇಲೆ, ಮೂವತ್ತೊಂದನೆಯ ಗಾಜಿನಲ್ಲಿ ಗೆರೆಗಳು ಎಣಿಸಿಕೊಳ್ಳಬಹುದಾದಷ್ಟು ನಿಚ್ಚಳವಾಗಿ ಎದ್ದು ನಿಂತಿದ್ದವು. ವೆಂಕಟರಾಮಯ್ಯನವರು ಎರಡನ್ನೂ ನೋಡಿದರು. ಎರಡನ್ನೂ ಒಟ್ಟಿಗೆ ನೋಡಲಿಲ್ಲ. "ನೀವು ಬರೆದು ಸಹಿ ಹಾಕಿಬಿಡಿ ಮಂಜೂರ್," ಎಂದು ಫೈಲು ತೆರೆದರು.

"ಪೆನ್ನು ಅಲ್ಲೇ ಬಿಟ್ಟು ಬಂದೆ ಸರ್, ತರ್ತೀನಿ," ಎಂದು ಮಂಜೂರ್ ಹೊರಗೆ ಬಂದ. ಪೆನ್ನು ಜೇಬಿನಲ್ಲೇ ಇತ್ತು.

ಬ್ಯಾಟರಾಯಪ್ಪ ಅವನ ಹಿಂದೆಯೇ ಬಂದು ಸಿಂಕಿನಲ್ಲಿ ಬೆರಳಿನ ಇಂಕು ತೊಳೆಯತೊಡಗಿದ. ತಿಕ್ಕಿ ತಿಕ್ಕಿ ತೊಳೆದ, ಗಾಜನ್ನು ತೊಳೆಯುವ ಶ್ರದ್ಧೆಯಿಂದಲೇ. ಆಮೇಲೆ ಎಂಟು ಲೋಟಗಳನ್ನು ತೊಳೆಯಲು ಎತ್ತಿಕೊಂಡ. ಬಿಡಪ್ಪಾ, ಇನ್ಯಾಕೆ ಅದೆಲ್ಲ ಎಂದ ಮಂಜೂರ್.

"ತೊಳ್ದಿಟ್ಟೇ ಓಗ್ತೀನಿ, ಬುಡಿ. ಇನ್ಮ್ಯಾಕೆ ಬರೋನಿಗೆ ನೀವೇ ಒಂದ್ ಮಾತು ಏಳ್ಬೇಕು ಸಾಬ್ರೇ. ಈ ಕೆಂಪು ಚುಕ್ಕಿ ಲೋಟ ನಿಮ್ದು, ಇದಕ್ಕೆ ಸಕ್ರೆ ಆಕ್ಬಾರ್ದು ಅಂತ. ಎಲ್ಲಾ ಒಂದೇ ತರ ಅವೆ ನೋಡಿ. ಕಾಲಿನ ಗಾಯ ಮಾಯ್ದೆ ನೀವು ಕುಂಟ್ಕೊಂಡು ಬರ್ತಿದ್ರಲ್ಲ, ಡಾಕ್ಟ್ರು ಸಕ್ರೆ ಬ್ಯಾಡ ಅಂದವ್ರೆ ಅಂದ್ರಿ. ಆವತ್ತು ಇಟ್ಟ ಗುರ್ತು. ಮರ್ತು ಯಾವ್ದಾದ್ರೂ ಕೊಟ್ಬುಟ್ರೆ ಪಾಪ ಅಲ್ವಾ," ಎಂದು ಲೋಟದ ತಳವನ್ನು ಹೆಬ್ಬೆರಳಿನಿಂದ ಉಜ್ಜಿದ. "ಬಣ್ಣ ಸವ್ದದೆ. ಇನ್ನೊಂದ್ ಸಲ ಬಳೀಬೇಕಿತ್ತು."

ಮಂಜೂರ್ ನಿಂತೇ ಇದ್ದ. ನಾಲ್ಕು ವರ್ಷ. ದಿನಕ್ಕೆ ಎರಡು ಸಲ. ಒಂದೇ ಥರದ ಎಂಟು ಲೋಟಗಳಲ್ಲಿ ಸಕ್ಕರೆಯಿಲ್ಲದ ಚಹಾ ತನ್ನನ್ನು ಹೇಗೆ ಹುಡುಕಿಕೊಂಡು ಬರುತ್ತಿತ್ತು ಎಂದು ಒಂದು ಸಲವೂ ಅವನಿಗೆ ಪ್ರಶ್ನೆ ಹುಟ್ಟಿರಲಿಲ್ಲ. ಗೋಡೆಯ ಮೇಲಿನ ಆ ಲೋಟ ಸುಳ್ಳಾಗಿರಲಿಲ್ಲ. ಅದು ನಿಜವಾಗಿ ಅಲ್ಲಿತ್ತು, ಮಳೆಯಲ್ಲಿ ನೆನೆದಿತ್ತು, ಅದರ ನೋವೂ ನಿಜ. ಆದರೆ ಆ ಲೋಟ ಇದಾಗಿರಲಿಲ್ಲ. ಅವನಿಗೆ ಅಳು ಬಂತು, ಬ್ಯಾಟರಾಯಪ್ಪನಿಗಾಗಿಯೋ ಹನ್ನೊಂದು ವರ್ಷದ ತನಗಾಗಿಯೋ ತಿಳಿಯಲಿಲ್ಲ. "ಒಂದ್ನಿಮಿಷ ಇಲ್ಲೇ ಇರಿ ಬ್ಯಾಟರಾಯಪ್ಪನೋರೇ, ಹೋಗ್ಬೇಡಿ," ಎಂದ. ಇರಿ ಅಂದದ್ದನ್ನು ಕೇಳಿ ಬ್ಯಾಟರಾಯಪ್ಪ ಲೋಟ ಹಿಡಿದುಕೊಂಡೇ ಅವನನ್ನು ವಿಚಿತ್ರವಾಗಿ ನೋಡಿದ.

ಕೋಣೆಯಲ್ಲಿ ವೆಂಕಟರಾಮಯ್ಯನವರು ಏನೋ ಬರೆಯುತ್ತಿದ್ದರು. ಕಾಗದ ಹಾಗೇ ಇತ್ತು, ಗೆರೆಯಿಲ್ಲದ ನೀಲಿ ಮಚ್ಚೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಂಜೂರ್ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದ. ಹೆಬ್ಬೆರಳನ್ನು ಪ್ಯಾಡಿನ ಮೇಲೆ ಒಂದು ಸಲ ಹೊರಳಿಸಿ, ಸಾಕ್ಷಿಯ ಸಹಿಗೆಂದು ಬಿಟ್ಟಿದ್ದ ಜಾಗದಲ್ಲಿ ಬಲವಾಗಿ ಒತ್ತಿದ. ಈ ಸಲ ಬೆರಳು ಜಾರಲಿಲ್ಲ.

"ಏನ್ರೀ ಇದು?" ವೆಂಕಟರಾಮಯ್ಯನವರು ಕನ್ನಡಕ ಸರಿಮಾಡಿಕೊಂಡರು. "ನಿಮಗೆ ಸಹಿ ಹಾಕೋಕೆ ಬರುತ್ತಲ್ಲ?"

ಮಂಜೂರ್ ಕಾಗದವನ್ನು ಅವರ ಮುಂದಕ್ಕೆ ಸರಿಸಿದ, ಪಕ್ಕದಲ್ಲಿ ಮೂವತ್ತೊಂದನೆಯ ಗಾಜನ್ನು ಇಟ್ಟ, ಅದರ ಪಕ್ಕದಲ್ಲಿ ಭೂತಗನ್ನಡಿಯನ್ನು ಇಟ್ಟ. ಕಾಗದದ ಮೇಲೆ ಸುಳಿಸುಳಿಯಾದ ಗೆರೆಗಳು, ನಡುವೆ ಓರೆಯಾಗಿ ಒಂದು ಬಿಳಿ ಗೀರು. ವೆಂಕಟರಾಮಯ್ಯನವರು ಕಾಗದ ನೋಡಿದರು, ಅವನ ಮುಖ ನೋಡಿದರು. ಬಾಗಿಲಲ್ಲಿ ಬ್ಯಾಟರಾಯಪ್ಪ ಬಂದು ನಿಂತದ್ದು ಅವನಿಗೆ ಬೆನ್ನಿನಿಂದಲೇ ತಿಳಿಯಿತು. ಫ್ಯಾನು ತಿರುಗುತ್ತಿತ್ತು.

ಟಿಕ್ ಎಂದಿತು. ಗಾಜಿನ ಮೇಲಿದ್ದ ಅರ್ಧ ಗೀರು ಪೂರ್ತಿಯಾಯಿತು.

ಈ ಸಲ ವೆಂಕಟರಾಮಯ್ಯನವರೂ ಆ ಕಡೆ ತಿರುಗಿ ನೋಡಿದರು.